ತೆಂಗಿನ ಸಂಕರ ತಳಿ

ರಾಜಾಜಿನಗರದ ಅಂಗಡಿಯಲ್ಲಿ ತೆಂಗಿನಕಾಯಿಯನ್ನು ಕೊಳ್ಳುವಾಗ ನಾವು ಅದನ್ನು ಅಲುಗಿಸಿ ನೀರಿನ ಸದ್ದನ್ನು ಕೇಳುತ್ತೇವೆಯೇ ಹೊರತು, ಅದರ ಕುಲವನ್ನು ವಿಚಾರಿಸುವುದಿಲ್ಲ. ಕರಾವಳಿಯ ತೋಟಗಾರನಿಗಾದರೋ ಕುಲವಿಚಾರವೇ ಮೊದಲು. ನೆಟ್ಟ ಸಸಿ ಕೆಟ್ಟದ್ದೆಂದು ತಿಳಿಯುವ ಹೊತ್ತಿಗೆ ಅವನ ಎಷ್ಟೋ ವರ್ಷಗಳ ದುಡಿಮೆ ಸಂದಿರುತ್ತದೆ.

ತೆಂಗಿನಲ್ಲಿ ಮುಖ್ಯವಾಗಿ ಎರಡು ಬಗೆಗಳುಂಟು. ಎತ್ತರದ ಮರವು ಗಟ್ಟಿಮುಟ್ಟಾದದ್ದು, ದೀರ್ಘಾಯುವಾದದ್ದು. ಆದರೆ ಫಲಕ್ಕೆ ಬರಲು 6-7 ವರ್ಷ ಬೇಕು. ಗಿಡ್ಡ ಮರವು 3-4 ವರ್ಷಗಳಲ್ಲಿಯೇ ಫಲಿಸುವುದಾದರೂ ಬರವನ್ನು ತಾಳಲಾರದು. ಇವೆರಡರ ಗುಣಗಳನ್ನು ಒಂದೇ ಮರದಲ್ಲಿ ಕೂಡಿಸಲಾಗದೆ? 1932ರಲ್ಲಿ, ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ನೀಲೇಶ್ವರದಲ್ಲಿ, ಜೆ. ಎಸ್. ಪಟೇಲರು ಇದನ್ನು ಸಾಧಿಸಿದರು. ಎತ್ತರದ ಮರದ ಗಂಡು ಹೂಗಳನ್ನು ಅರಳುವ ಮುನ್ನವೇ ತೆಗೆದು, ಹೊಂಬಾಳೆಗೆ ಚೀಲ ಕಟ್ಟಿ, ಹೆಣ್ಣು ಹೂಗಳಿಗೆ ಗಿಡ್ಡ ಮರದ ಪರಾಗವನ್ನು ಸೋಕಿಸುವುದು ಇದರ ಕ್ರಮ. ತೆಂಗಿನ ಸಂಕರವನ್ನು ಬೆಳೆಸಿದ ಮೊದಮೊದಲ ಪ್ರಯತ್ನಗಳಲ್ಲಿ ಅದೂ ಒಂದು.

ಆದರೆ ಇಲ್ಲೊಂದು ತೊಡಕುಂಟು. ಸ್ಟ್ರಾಬೆರಿಯ ಉತ್ತಮ ತಳಿಯೊಂದು ದೊರೆತರೆ, ಅದರ ಹಂಬುಗಳಿಂದಲೇ ಅದೇ ಗುಣದ ಸಾವಿರ ಗಿಡಗಳನ್ನು ಮಾಡಿಕೊಳ್ಳಬಹುದು. ತೆಂಗಿಗೆ ಹಂಬೂ ಇಲ್ಲ, ಕಸಿಯೂ ಇಲ್ಲ. ಸಂಕರ ಮರದ ಕಾಯನ್ನೇ ಬಿತ್ತಿದರೆ, ಕೂಡಿಸಿದ್ದ ಗುಣಗಳು ಮಕ್ಕಳಲ್ಲಿ ಚದರಿಹೋಗುತ್ತವೆ. ಆದುದರಿಂದ ಹೊಸ ಸಸಿ ಬೇಕಾದಾಗಲೆಲ್ಲ ತಾಯಿಮರವನ್ನು ಮತ್ತೆ ಹತ್ತಬೇಕು, ಮತ್ತೆ ಪರಾಗವನ್ನು ಸೋಕಿಸಬೇಕು, ಕಾಯಿ ಬಲಿಯಲು ಸುಮಾರು ಒಂದು ವರ್ಷ ಕಾಯಬೇಕು.

ಸಂಕರ ಸಸಿಯ ಬೆಲೆ ಹೆಚ್ಚಾಗಿರುವುದೂ ಅದರ ಹೆಸರಿನಲ್ಲಿ ಮೋಸಕ್ಕೆ ಎಡೆಯಿರುವುದೂ ಇದರಿಂದಲೇ. ಸಸಿಯ ಹುಟ್ಟನ್ನು ವಿಚಾರಿಸದೆ ಕೊಳ್ಳುವವನು ಪಣಕ್ಕಿಡುವುದು ಹಣವನ್ನು ಮಾತ್ರವಲ್ಲ, ತನ್ನ ಆಯುಷ್ಯದ ಕೆಲವು ವರ್ಷಗಳನ್ನು.