ಹೆಂಡ ಯಾರ ಲೆಕ್ಕಕ್ಕೆ?

(ಲಗ್ಗೆರೆಯ ವಿದ್ಯಾರ್ಥಿ ಸಭೆಯಲ್ಲಿ ಆಡಿದ ಮಾತು)



ಕೇರಿಯವರು ಕುಡುಕರು ಅಂತ ಊರಿನವರು ಅಂತಾರೆ. ಹೆಣದ ಮುಂದೆ ತಮಟೆ ಬಡಿಸಿ, ಸತ್ತ ದನ ಹೊರಿಸಿ, ಕೂಲಿ ಕೊಡಬೇಕಾದ ಕಡೆ ಹೆಂಡ ಹುಯ್ದವರು ಯಾರು? ಮ್ಯಾನ್‌ಹೋಲಿಗೆ ಇಳಿಯುವ ನಮ್ಮಣ್ಣ ಆ ನಾತ ತಡೀಲಾರದೆ ಕುಡೀತಾನೆ. ಅವನಿಗೆ ನೀತಿ ಹೇಳುವವರು ಒಂದು ದಿನ ಆ ಗುಂಡಿಯ ಬಾಯಲ್ಲಿ ನಿಂತು ಉಸಿರಾಡಲಿ.

ಆದರೆ ಇದನ್ನೇ ನೆಪ ಮಾಡಿಕೊಂಡು ನಾವು ಗ್ಲಾಸು ಎತ್ತುವಂತಿಲ್ಲ. ಕುಡಿಯೋದೂ ಪುರೋಹಿತಶಾಹಿಗೆ ಒಂದು ಸವಾಲು ಅಂತ ಹಾಸ್ಟೆಲಿನ ಕೆಲವು ಗೆಳೆಯರ ವಾದ. ಸವಾಲೇ ಆಗಿದ್ದರೆ ಆಳುವವರು ಅದನ್ನು ಇಷ್ಟು ಪ್ರೀತಿಯಿಂದ ಯಾಕೆ ಮಾರಿಸ್ತಾರೆ? ಪಾನನಿರೋಧಕ್ಕೆ ಸರ್ಕಾರ ಯತ್ನಿಸಬೇಕು ಅನ್ನುತ್ತೆ ಸಂವಿಧಾನದ 47ನೇ ವಿಧಿ. ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕು ಅಂದಿತು 2025-26ರ ಕರ್ನಾಟಕದ ಬಜೆಟ್ಟು. ಪೀಣ್ಯದ ಫ್ಯಾಕ್ಟರಿಯಲ್ಲಿ ಬೆವರು ಸುರಿಸಿದವನ ಸಂಬಳ ಲಗ್ಗೆರೆಯ ಮನೆ ಮುಟ್ಟುವ ಮೊದಲೇ ಕರಗಿದರೆ, ಅದು ಆ ಲೆಕ್ಕಕ್ಕೇ ಸೇರುತ್ತೆ. ಅದರಲ್ಲಿ ತಮ್ಮನ ಫೀಸಿದೆ, ಗಾರ್ಮೆಂಟ್ಸಿಗೆ ಹೋಗೋ ಅಕ್ಕನ ಓವರ್‌ಟೈಮ್ ಇದೆ.

ಸಾಯೋದು ಯಾರು? 1981ರ ಜುಲೈನಲ್ಲಿ ಇದೇ ಬೆಂಗಳೂರಲ್ಲಿ ವಿಷದ ಸಾರಾಯಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. 2007ರ ಜುಲೈನಲ್ಲಿ ಸಾರಾಯಿ ನಿಷೇಧ ಆಯಿತು. ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ, ಗಡಿಯಾಚೆಯ ಕೃಷ್ಣಗಿರಿ ಕಡೆ ಕಳ್ಳಭಟ್ಟಿಗೆ ಮತ್ತೆ ನೂರಕ್ಕೂ ಹೆಚ್ಚು ಹೆಣ. ಎರಡು ಸಲವೂ ಮಿಥೈಲ್ ಆಲ್ಕೋಹಾಲ್. ಅದು ಮೈಯೊಳಗೆ ಫಾರ್ಮಿಕ್ ಆಮ್ಲವಾಗಿ ಕಣ್ಣು ತೆಗೆಯುತ್ತೆ, ಜೀವವನ್ನೂ ತೆಗೆಯುತ್ತೆ. ಸತ್ತವರು ಬಹುಪಾಲು ಕೂಲಿ ಮಾಡಿ ತಿನ್ನೋರು. ಉಳ್ಳವರ ಬಾಟ್ಲಿ ಬಿಟ್ಟು ಬಡವನ ಪ್ಯಾಕೆಟ್ ಮಾತ್ರ ನಿಲ್ಲಿಸಿದರೆ ಆಗೋದು ಇದೇ.

ಈಗ ಗಾಂಜಾ ಇದೆ, ಸೊಲ್ಯೂಷನ್ ಮೂಸೋದಿದೆ, ನೋವಿನ ಮಾತ್ರೆ ಅರೆದು ನರಕ್ಕೆ ಚುಚ್ಚಿಕೊಳ್ಳೋದಿದೆ. ಒಂದೇ ಸೂಜಿ ನಾಲ್ಕು ಜನ ಹಂಚಿಕೊಂಡರೆ ಎಚ್‌ಐವಿಯೂ ಹಂಚಿಕೆಯಾಗುತ್ತೆ.

ಚಟ ಬೈಗುಳಕ್ಕೆ ಹೋಗಲ್ಲ. ವರ್ಷಗಟ್ಟಲೆ ದಿನಾ ಕುಡಿದವನು ಒಮ್ಮೆಗೇ ಬಿಟ್ಟರೆ ಕೈ ನಡುಗಿ, ಫಿಟ್ಸ್ ಬಂದು, ಇಲ್ಲದ್ದೆಲ್ಲ ಕಣ್ಣಿಗೆ ಕಂಡು, ಪ್ರಾಣವೂ ಹೋಗಬಹುದು. ಅಪ್ಪನಿಗೆ ಆಣೆ ಇಡಿಸಿ ಕೋಣೆಯಲ್ಲಿ ಕೂಡಿಹಾಕಬೇಡಿ, ಡಾಕ್ಟರ ಹತ್ತಿರ ಕರಕೊಂಡು ಹೋಗಿ. ನಿಮ್ಹಾನ್ಸಿನಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗ ಇದೆ. 14446ಕ್ಕೆ ಪುಕ್ಕಟೆ ಫೋನ್ ಮಾಡಬಹುದು. ಪೊಲೀಸರ ಭಯವೆ? 1985ರ ಮಾದಕ ವಸ್ತು ಕಾಯಿದೆಯ 64ಎ ಕಲಮು ಓದಿ. ಸೇದಿದ್ದಕ್ಕೋ ಅಲ್ಪಸ್ವಲ್ಪ ಇಟ್ಟುಕೊಂಡಿದ್ದಕ್ಕೋ ಕೇಸಾದ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಹೋಗಿ ಪೂರ್ತಿ ಮುಗಿಸಿದರೆ ಅವನ ಮೇಲೆ ಮೊಕದ್ದಮೆ ನಡೆಯಲ್ಲ.

ದಲಿತ ಸಂಘರ್ಷ ಸಮಿತಿ ಹೆಂಡ ಬೇಡ, ವಸತಿ ಶಾಲೆ ಬೇಕು ಅಂತ ಕೂಗಿತ್ತು. ಬರೀ ಬೇಡ ಅನ್ನಲಿಲ್ಲ, ಬೇಕಾದ್ದನ್ನೂ ಹೇಳಿತು. 2019ರ ಜನವರಿಯಲ್ಲಿ ಹಳ್ಳಿಯ ಹೆಣ್ಣುಮಕ್ಕಳು ಮದ್ಯ ನಿಷೇಧ ಕೇಳಿಕೊಂಡು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಬಂದರು. ಅವ್ವಂದಿರು ಅಷ್ಟು ದೂರ ನಡೆದರು. ನಾವು ಪಕ್ಕದ ರೂಮಿನ ತನಕ ನಡೆಯೋಣ. ನಾಲ್ಕು ದಿನದಿಂದ ಕ್ಲಾಸಿಗೆ ಹೋಗದೆ ಮುಸುಕು ಹಾಕಿ ಮಲಗಿರೋ ಗೆಳೆಯನ ಬಾಗಿಲು ತಟ್ಟೋಣ. ಅವನ ಮೇಲೆ ವಾರ್ಡನ್‌ಗೆ ಚಾಡಿ ಬೇಡ, ಅವನ ಜೊತೆ ಆಸ್ಪತ್ರೆಗೆ ಒಬ್ಬರು ಹೋಗಿ. ಹಾಸ್ಟೆಲ್ ಸೀಟು ನಮಗೆ ಯಾರೂ ದಾನ ಕೊಟ್ಟದ್ದಲ್ಲ, ಹೋರಾಡಿ ಪಡೆದದ್ದು. ಅದರಲ್ಲಿ ಒಂದನ್ನೂ ಹೆಂಡಕ್ಕೆ ಬಿಟ್ಟುಕೊಡೋದು ಬೇಡ.

ಜೈ ಭೀಮ್.