ಗಣಕಯಂತ್ರವೂ ನಮ್ಮ ಅಕ್ಷರವೂ



ಗಣಕಯಂತ್ರಕ್ಕೆ ಆದೇಶಗಳನ್ನು ಬರೆಯುವುದೇ ನಮ್ಮ ಕಸುಬು. ಅದು ಬರಿಯ ಲೆಕ್ಕಾಚಾರವೆಂದು ನಾವೂ ಬಹುಕಾಲ ನಂಬಿದ್ದೆವು. ಆ ನಂಬಿಕೆಯನ್ನು ಕೆಡಿಸಿದ್ದು ಒಬ್ಬ ವೃದ್ಧೆಯ ಹೆಸರು.

ಫಲಾನುಭವಿಗಳ ಪಟ್ಟಿಯೊಂದಕ್ಕೆ ತಂತ್ರಾಂಶ ರಚಿಸಿದಾಗ ನಾವು ಹೆಸರಿಗೆಂದು 20 ಬೈಟ್‌ಗಳ ಸ್ಥಳವಿಟ್ಟೆವು, ಧಾರಾಳವಾಯಿತೆಂದೇ ಎಣಿಸಿದೆವು. ಇಂಗ್ಲಿಷಿನಲ್ಲಿ ಬರೆದ ಲಕ್ಷ್ಮಿಗೆ 7 ಬೈಟ್ ಸಾಕು. ಕನ್ನಡದ ಲಕ್ಷ್ಮಿಯೋ, ಕಣ್ಣಿಗೆ ಎರಡೇ ಅಕ್ಷರ. ಯಂತ್ರದೊಳಗೆ ಲ, ಕ, ಹಲಂತ, ಷ, ಹಲಂತ, ಮ, ಇಕಾರ ಎಂದು 7 ಸಂಕೇತಗಳು. 1991ರಲ್ಲಿಯೇ ಯೂನಿಕೋಡ್ ನಮ್ಮ ಲಿಪಿಗೆ ಸ್ಥಾನ ಕೊಟ್ಟಿತು, ನಿಜ. ಆದರೆ 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಯುಟಿಎಫ್-8 ಪದ್ಧತಿಯಲ್ಲಿ ರೋಮನ್ ಅಕ್ಷರಕ್ಕೆ ಒಂದು ಬೈಟ್, ನಮ್ಮ ಒಂದೊಂದು ಸಂಕೇತಕ್ಕೂ ಮೂರು. ಒಟ್ಟು 21! ಒಂದೇ ಬೈಟಿನ ಕೊರತೆಯಿಂದ ಇಕಾರ ಕಳಚಿಬಿದ್ದು ಪಟ್ಟಿಯಲ್ಲಿ ‘ಲಕ್ಷ್ಮ’ ಉಳಿಯಿತು. ಗುರುತಿನ ಚೀಟಿಯೊಡನೆ ಹೆಸರು ತಾಳೆಯಾಗಲಿಲ್ಲ.

ಆ ತಾಯಿ ಮೂರು ಬಾರಿ ನಡೆದುಬಂದರು. ತಪ್ಪು ತಮ್ಮದೇ ಇರಬೇಕೆಂದು ಭಾವಿಸಿದ್ದರಂತೆ. ಇದನ್ನು ಹೇಳುವಾಗ ನಮಗೆ ಇಂದಿಗೂ ನಾಚಿಕೆಯಾಗುತ್ತದೆ. ಕನ್ನಡ ಬಲ್ಲ ನಾವೇ ಅಳತೆಗೋಲನ್ನು ಇಂಗ್ಲಿಷಿನಿಂದ ತಂದಿದ್ದೆವು. ಸ್ಥಳವನ್ನು ಹಿಗ್ಗಿಸಲು ಹಿಡಿದದ್ದು ಐದೇ ನಿಮಿಷ.

ಈಗ ಯಾವ ತಂತ್ರಾಂಶವನ್ನು ಪರೀಕ್ಷಿಸುವಾಗಲೂ ನಾವು ಮೊದಲು ಬೆರಳಚ್ಚಿಸುವುದು ಅವರ ಹೆಸರನ್ನೇ.