ಸಣ್ಣ ಪಟ್ಟಣಗಳ ಸುಸ್ಥಿರ ಸಂಚಾರ: ನಂಜನಗೂಡು ಮತ್ತು ತಿರುಮಕೂಡಲು ನರಸೀಪುರವನ್ನು ಕುರಿತ ವಿವೇಚನೆ

1. ಪೀಠಿಕೆ

ಊರಿನ ಜನ ದುಡಿಮೆ, ಓದು, ಆಸ್ಪತ್ರೆ, ಸಂತೆಗಳಿಗೆ ಹೋಗಿಬರುವ ಏರ್ಪಾಡು ಇಂಧನ, ಜಾಗ, ಹಣ ಮೂರನ್ನೂ ಮಿತವಾಗಿ ಬಳಸಿಕೊಂಡು, ಸ್ವಂತ ವಾಹನವಿಲ್ಲದವರನ್ನು ಹೊರಗಿಡದೆ ಬಹುಕಾಲ ನಡೆದುಬರುವಂತಿದ್ದರೆ ಅದನ್ನು ಸುಸ್ಥಿರ ನಗರ ಸಂಚಾರ ಎನ್ನಲಾಗುತ್ತದೆ. ರಸ್ತೆ ಇರುವುದು ವಾಹನಗಳನ್ನು ಸಾಗಿಸುವುದಕ್ಕಲ್ಲ, ಜನರನ್ನು ಸಾಗಿಸುವುದಕ್ಕೆ ಎಂಬ ನಿಲುವನ್ನು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಮುಂದಿಟ್ಟಿತು. ಮರುವರ್ಷ ಕರ್ನಾಟಕದಲ್ಲಿ ನಗರ ಭೂ ಸಾರಿಗೆ ನಿರ್ದೇಶನಾಲಯ ರೂಪುಗೊಂಡಿತು. ಆದರೂ ಈ ಕ್ಷೇತ್ರದ ಸಂಶೋಧನೆ ಹೆಚ್ಚಾಗಿ ಸುತ್ತುತ್ತಿರುವುದು ಮೆಟ್ರೋ, ಮೇಲ್ಸೇತುವೆ, ವಿದ್ಯುತ್ ವಾಹನಗಳಂತಹ ಮಹಾನಗರದ ಪ್ರಶ್ನೆಗಳ ಸುತ್ತಲೇ. ಇಂದಿಗೂ ಬಹುಮಟ್ಟಿಗೆ ನಡಿಗೆ, ಬಸ್ಸು, ಪ್ಯಾಸೆಂಜರ್ ರೈಲುಗಳನ್ನೇ ನೆಚ್ಚಿಕೊಂಡಿರುವ ಸಣ್ಣ ಪಟ್ಟಣಗಳಲ್ಲಿ, ಹೊಸ ವಾಹನವನ್ನು ತರುವುದಕ್ಕಿಂತ ಇರುವ ಸುಸ್ಥಿರ ರೂಢಿ ಕೈತಪ್ಪದಂತೆ ನೋಡಿಕೊಳ್ಳುವುದೇ ಮುಖ್ಯ ನಾವೀನ್ಯವಾಗಬೇಕು ಎಂಬುದು ಈ ಉಪನ್ಯಾಸದ ಪ್ರತಿಪಾದನೆ.

2. ಒಂದು ಹೆದ್ದಾರಿ, ಎರಡು ಪಟ್ಟಣ

ಕೋಯಿಕ್ಕೋಡಿನಿಂದ ಹೊರಟು ಗುಂಡ್ಲುಪೇಟೆ, ನಂಜನಗೂಡು, ಮೈಸೂರು, ತಿರುಮಕೂಡಲು ನರಸೀಪುರಗಳ ಮೂಲಕ ಕೊಳ್ಳೇಗಾಲ ತಲುಪುವ ರಾಷ್ಟ್ರೀಯ ಹೆದ್ದಾರಿ 766, ನಂಜನಗೂಡು ಮತ್ತು ನರಸೀಪುರ ಎಂಬ ಎರಡು ತಾಲ್ಲೂಕು ಕೇಂದ್ರಗಳನ್ನು ಎರಡು ದಿಕ್ಕಿನಿಂದ ಮೈಸೂರಿಗೆ ಜೋಡಿಸಿದೆ. ಎರಡೂ ಮೈಸೂರಿನಿಂದ ಸುಮಾರು ಇಪ್ಪತ್ತೈದು, ಮೂವತ್ತು ಕಿಲೋಮೀಟರ್ ದೂರದಲ್ಲಿದ್ದು, ಬೆಳಿಗ್ಗೆ ಹೋಗಿ ಸಂಜೆ ಮರಳಲು ಅನುಕೂಲವಾಗಿವೆ. ಆದರೆ ಸಂಚಾರದ ದೃಷ್ಟಿಯಿಂದ ಇವು ಒಂದೇ ಬಗೆಯವಲ್ಲ.

ನಂಜನಗೂಡಿಗೆ 1891ರಲ್ಲಿಯೇ ಮೈಸೂರಿನಿಂದ ರೈಲು ಬಂದಿತು. 1926ರಲ್ಲಿ ಆ ಹಳಿ ಚಾಮರಾಜನಗರಕ್ಕೆ ಮುಂದುವರಿಯಿತು. ಕಪಿಲಾ ನದಿಯ ಮೇಲೆ 1735ರಲ್ಲಿ ದಳವಾಯಿ ದೇವರಾಜಯ್ಯನವರ ಕಾಲದಲ್ಲಿ ಕಟ್ಟಿದ ಕಲ್ಲಿನ ಸೇತುವೆ ಮುಂದೆ ರಸ್ತೆಯನ್ನೂ ರೈಲುಹಳಿಯನ್ನೂ ಒಟ್ಟಿಗೆ ಹೊತ್ತು ನಿಂತಿತು. ಇಂದು ಇದೇ ಹಳಿಯ ಮೇಲಿನ ಕಡಕೊಳ, ತಾಂಡವಪುರ ನಿಲ್ದಾಣಗಳ ಆಸುಪಾಸಿನಲ್ಲಿ ಕಾರ್ಖಾನೆಗಳು ಬೆಳೆದಿದ್ದು, ಪಟ್ಟಣದಿಂದ ನಗರಕ್ಕೆ ಹೋಗುವವರಂತೆ ನಗರದಿಂದ ಪಟ್ಟಣದ ಕಡೆಗೆ ದುಡಿಮೆಗೆ ಬರುವವರೂ ಇದ್ದಾರೆ. ಎರಡು ದಿಕ್ಕಿಗೂ ಪ್ರಯಾಣಿಕರು ಸಿಗುವ ಇಂತಹ ಮಾರ್ಗ ಸಾರ್ವಜನಿಕ ಸಾರಿಗೆಗೆ ಲಾಭದಾಯಕ, ಏಕೆಂದರೆ ಬಸ್ಸಾಗಲಿ ರೈಲಾಗಲಿ ಒಂದು ಕಡೆಯಿಂದ ಖಾಲಿ ಓಡಬೇಕಾಗುವುದಿಲ್ಲ. ಹಾಗಿದ್ದೂ ರೈಲಿನ ವೇಳೆ ಕಾರ್ಖಾನೆಯ ಪಾಳಿಗೆ ಹೊಂದದಿದ್ದರೆ, ನಿಲ್ದಾಣದಿಂದ ಗೇಟಿನವರೆಗಿನ ದಾರಿ ನಡೆಯಲು ತಕ್ಕುದಲ್ಲದಿದ್ದರೆ, ಕಾರ್ಮಿಕನು ಕಂತಿನಲ್ಲಿ ಬೈಕು ಕೊಳ್ಳುತ್ತಾನೆ. ತಜ್ಞರು ಕೊನೆಯ ಮೈಲಿಯ ಸಂಪರ್ಕ ಎಂದು ಕರೆಯುವ ಈ ಚಿಕ್ಕ ಅಂತರವೇ ಇಡೀ ಪ್ರಯಾಣದ ಸ್ವರೂಪವನ್ನು ತೀರ್ಮಾನಿಸುತ್ತದೆ.

ಕಾವೇರಿ, ಕಪಿಲೆ ಮತ್ತು ಸ್ಫಟಿಕ ಸರೋವರಗಳ ಸಂಗಮಸ್ಥಾನವಾದ ನರಸೀಪುರಕ್ಕೆ ರೈಲಿಲ್ಲ. ಬನ್ನೂರು, ತಲಕಾಡು, ಮೂಗೂರು, ಸೋಸಲೆಯ ಕಡೆಯವರಿಗೆ ಅಲ್ಲಿನ ಬಸ್ ನಿಲ್ದಾಣವೇ ಜಂಕ್ಷನ್ ಇದ್ದಂತೆ. ಹಳ್ಳಿಯ ಬಸ್ಸು ತಲುಪುವ ಮುಂಚೆಯೇ ಮೈಸೂರಿನ ಬಸ್ಸು ಹೊರಟುಹೋದರೆ ಆಗುವ ನಷ್ಟವನ್ನು ಯಾವ ಹೊಸ ವಾಹನವೂ ತುಂಬಿಕೊಡಲಾರದು. ಎರಡು ವೇಳಾಪಟ್ಟಿಗಳನ್ನು ಕೂಡಿಸಿ ನೋಡುವ ಕೆಲಸವಷ್ಟೇ ತುಂಬಿಕೊಡಬಲ್ಲದು.

3. ಮೈಸೂರಿನ ಪ್ರಯೋಗಗಳು

ಸಮೀಪದ ಮೈಸೂರು ಈ ವಿಷಯದಲ್ಲಿ ದೇಶದ ಪ್ರಯೋಗಶಾಲೆಗಳಲ್ಲೊಂದು. ವಿಶ್ವ ಬ್ಯಾಂಕ್ ಮತ್ತು ಜಾಗತಿಕ ಪರಿಸರ ನಿಧಿಯ ನೆರವಿನ ಸುಸ್ಥಿರ ನಗರ ಸಾರಿಗೆ ಯೋಜನೆಯಡಿ, 2012ರಲ್ಲಿ ಅಲ್ಲಿನ ಸುಮಾರು 500 ಬಸ್ಸುಗಳಿಗೆ ಜಿಪಿಎಸ್ ಅಳವಡಿಸಿ, ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆಂದು ನಿಲ್ದಾಣದ ಫಲಕದಲ್ಲಿ ತೋರಿಸುವ ವ್ಯವಸ್ಥೆ ಜಾರಿಗೆ ಬಂದಿತು. 2017ರ ಜೂನ್‌ನಲ್ಲಿ 450 ಸೈಕಲ್‌ಗಳೊಡನೆ, 48 ನಿಲುಗಡೆ ತಾಣಗಳಲ್ಲಿ, ‘ಟ್ರಿಣ್ ಟ್ರಿಣ್’ ಎಂಬ ಬಾಡಿಗೆ ಸೈಕಲ್ ಸೇವೆ ಆರಂಭವಾಯಿತು. ಇವುಗಳಲ್ಲಿ ಸಣ್ಣ ಪಟ್ಟಣಕ್ಕೆ ಹೆಚ್ಚು ಒದಗುವುದು ಮೊದಲನೆಯದು. ಹತ್ತು ನಿಮಿಷಕ್ಕೊಂದು ಬಸ್ಸಿರುವ ನಗರದಲ್ಲಿ ಬರುವ ಹೊತ್ತು ತಿಳಿಯದಿದ್ದರೂ ನಡೆಯುತ್ತದೆ. ದಿನಕ್ಕೆ ಎರಡೋ ಮೂರೋ ಬಸ್ಸು ಬರುವ ಹಳ್ಳಿಯಲ್ಲಿ ಅದು ತಿಳಿಯದಿದ್ದರೆ ಅರ್ಧ ದಿನದ ಕೂಲಿಯೇ ಹೋಗುತ್ತದೆ. ಮಾಹಿತಿಯ ತಂತ್ರಜ್ಞಾನ ನಗರದಿಂದ ಹೊರಕ್ಕೆ ಹರಿಯಬೇಕಾದುದು ಈ ಕಾರಣಕ್ಕೆ.

4. ಎಣಿಕೆಯ ಸಮಸ್ಯೆ

ಕೆಲಸದ ಸ್ಥಳಕ್ಕೆ ಜನ ಹೇಗೆ ಹೋಗುತ್ತಾರೆ ಎಂಬ ಪ್ರಶ್ನೆಯನ್ನು 2011ರ ಜನಗಣತಿ ಕೇಳಿತಾದರೂ, ಬೇಸಾಯಗಾರರಿಗೂ ಕೃಷಿ ಕೂಲಿಕಾರರಿಗೂ ಅದು ಅನ್ವಯಿಸದಿದ್ದುದರಿಂದ, ಇಂತಹ ತಾಲ್ಲೂಕುಗಳ ಪೂರ್ಣ ಚಿತ್ರ ಅದರಲ್ಲಿ ಸಿಗುವುದಿಲ್ಲ. ಮಹಿಳೆಯರಿಗೆ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ ಕೊಡುವ, 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ಮಾತ್ರ ಬೇರೊಂದು ಆಕರವನ್ನು ಒದಗಿಸಿದೆ. ಉಚಿತವಾಗಿ ಪ್ರಯಾಣಿಸುವ ಮಹಿಳೆಗೂ ಕಂಡಕ್ಟರ್ ಶೂನ್ಯ ದರದ ಟಿಕೆಟ್ ಹರಿದುಕೊಡುತ್ತಾರೆ. ಸಾರಿಗೆ ನಿಗಮಕ್ಕೆ ಸರ್ಕಾರ ಹಣ ತುಂಬಿಕೊಡಲು ಲೆಕ್ಕವಾಗಿರುವ ಆ ಚೀಟಿಯಲ್ಲಿ ಹತ್ತಿದ ಮತ್ತು ಇಳಿಯುವ ಸ್ಥಳಗಳು ನಮೂದಾಗಿರುತ್ತವೆ. ಯಾವ ಹಳ್ಳಿಯಿಂದ, ಯಾವ ಹೊತ್ತಿನಲ್ಲಿ, ಎಲ್ಲಿಗೆ ಎಷ್ಟು ಹೆಣ್ಣುಮಕ್ಕಳು ಹೊರಡುತ್ತಾರೆಂಬುದನ್ನು ಪ್ರತ್ಯೇಕ ಸಮೀಕ್ಷೆಯಿಲ್ಲದೆ ಇದರಿಂದ ತಿಳಿಯಬಹುದು. ಇದಕ್ಕೂ ಮಿತಿಗಳಿವೆ: ಪಾಸು ತೋರಿಸಿ ಹೋಗುವ ಹುಡುಗರು, ಬಸ್ಸು ತುಂಬಿದ್ದರಿಂದ ಹತ್ತಲಾಗದೆ ಉಳಿದವರು, ಆಪೆ ಆಟೋ ಹಿಡಿದವರು ಈ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಟಿಕೆಟ್ಟಿನ ದತ್ತಾಂಶವನ್ನು ನಿಲ್ದಾಣದಲ್ಲಿ ನಿಂತು ಮಾಡುವ ಎಣಿಕೆಯೊಡನೆ ತಾಳೆ ನೋಡಬೇಕಾಗುತ್ತದೆ. ಸ್ಥಳೀಯ ಕಾಲೇಜುಗಳ ಭೂಗೋಳ, ಅರ್ಥಶಾಸ್ತ್ರ ವಿಭಾಗಗಳು ಹೆಚ್ಚಿನ ಖರ್ಚಿಲ್ಲದೆ ನಡೆಸಬಹುದಾದ ಸಂಶೋಧನೆ ಇದು.

5. ಜಾತ್ರೆಯ ಪಾಠ

ಕೊಲಂಬಿಯಾದ ಬೊಗೋಟಾ ನಗರ 1974ರಿಂದ ಭಾನುವಾರಗಳಂದು ಮುಖ್ಯರಸ್ತೆಗಳನ್ನು ವಾಹನಗಳಿಗೆ ಮುಚ್ಚಿ, ನಡೆಯುವವರಿಗೂ ಸೈಕಲ್ಲಿನವರಿಗೂ ಬಿಟ್ಟುಕೊಡುತ್ತಿರುವುದನ್ನು ಸಾರಿಗೆ ತಜ್ಞರು ಮಾದರಿಯೆಂದು ಎತ್ತಿ ಹೇಳುತ್ತಾರೆ. ಅಂತಹ ಬೀದಿ ನಮ್ಮ ಪಟ್ಟಣಗಳಿಗೂ ಹೊಸದಲ್ಲ: ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ರಥಗಳು ಹೊರಡುವ ದಿನ ರಥಬೀದಿ ಪೂರ್ತಿಯಾಗಿ ನಡೆಯುವವರದಾಗುತ್ತದೆ. 1989ರಲ್ಲಿ ಆರಂಭವಾಗಿ ಮೂರು ವರ್ಷಕ್ಕೊಮ್ಮೆ ನಡೆಯುವ ಪರಿಪಾಠದ ನರಸೀಪುರದ ಕುಂಭಮೇಳದಲ್ಲಿ ಸಂಗಮದ ದಾರಿಗಳೂ ಹಾಗೆಯೇ ಜನರಿಂದ ತುಂಬುತ್ತವೆ. ಹೊರವಲಯದಲ್ಲಿ ವಾಹನ ನಿಲ್ಲಿಸುವುದು, ಹೆಚ್ಚುವರಿ ಬಸ್ಸು ಬಿಡುವುದು, ಜನ ಹೋಗುವ ದಾರಿಯನ್ನೂ ಬರುವ ದಾರಿಯನ್ನೂ ಬೇರ್ಪಡಿಸುವುದು ಇಂತಹ ಸಂದರ್ಭಗಳ ರೂಢಿಯ ಕ್ರಮಗಳು. ಜಾತ್ರೆ ಮುಗಿದೊಡನೆ ಆ ಅನುಭವ ಕಡತ ಸೇರದೆ, ದೇವಸ್ಥಾನದ ಸುತ್ತಲ ಬೀದಿಗಳ ನಿತ್ಯದ ನಿರ್ವಹಣೆಗೆ ಆಧಾರವಾಗುವುದು ಸಾಧ್ಯ.

6. ಉಪಸಂಹಾರ

ಪಾಳಿಗೆ ಹೊಂದುವ ರೈಲು, ಒಂದಕ್ಕೊಂದು ಸೇರುವ ಬಸ್ಸುಗಳು, ನೆರಳೂ ಸಮತಟ್ಟೂ ಇರುವ ಕಾಲುದಾರಿ, ಟಿಕೆಟ್ಟಿನಿಂದ ಹೊಮ್ಮುವ ತಿಳಿವಳಿಕೆ ಇವುಗಳಲ್ಲಿ ಯಾವುದೂ ಉದ್ಘಾಟನೆಯ ಫಲಕಕ್ಕೆ ಒದಗುವಷ್ಟು ದೊಡ್ಡದಲ್ಲ. ಆದರೆ ಒಮ್ಮೆ ಬೈಕಿಗೆ ಹೊರಳಿದ ಮನೆಯನ್ನು ಮತ್ತೆ ಬಸ್ಸಿಗೆ ತರುವುದು ಅತ್ಯಂತ ದುಬಾರಿಯ ಕೆಲಸವೆಂಬುದನ್ನು ಮಹಾನಗರಗಳು ಈಗಾಗಲೇ ಕಂಡಿವೆ. ಆ ವೆಚ್ಚಕ್ಕೆ ಬೀಳದೆ ಉಳಿಯುವ ಅವಕಾಶ ಈ ಎರಡು ಪಟ್ಟಣಗಳಿಗೆ ಇನ್ನೂ ಇರುವುದರಿಂದ, ಸಂಶೋಧನೆಯೂ ಅನುದಾನವೂ ಮೊದಲು ತಲುಪಬೇಕಾದದ್ದು ಇಂತಹ ಊರುಗಳಿಗೆ.